ಕಡತದಿಂದ ತೆಗೆದ ಮಾತು

ಲೋಕಸಭೆಯ ನಡಾವಳಿಯ ನಿಯಮಗಳಲ್ಲಿ 380ನೆಯದು ಸಭಾಧ್ಯಕ್ಷರಿಗೆ ವಿಚಿತ್ರವಾದ ಅಧಿಕಾರವೊಂದನ್ನು ಕೊಟ್ಟಿದೆ: ಅಸಭ್ಯವೋ ಮಾನಹಾನಿಕರವೋ ಸಭೆಯ ಘನತೆಗೆ ತಕ್ಕುದಲ್ಲದ್ದೋ ಆದ ಮಾತು ಸದಸ್ಯರೊಬ್ಬರ ಬಾಯಿಂದ ಹೊರಟರೆ, ಅದನ್ನು ಅವರು ಕಡತದಿಂದ ತೆಗೆಯಿಸಬಹುದು. ಕಾಗದದ ಮಟ್ಟಿಗೆ ಆ ಮಾತನ್ನು ಯಾರೂ ಆಡಿಯೇ ಇಲ್ಲ. ಶಬ್ದವು ಕಿವಿಯಲ್ಲಿ ಲಯವಾದ ಮೇಲೂ ಚಿತ್ತದಲ್ಲಿ ಸಂಸ್ಕಾರವಾಗಿ ಉಳಿಯುವುದೆಂದು ನಂಬಿದ್ದ ನಮ್ಮ ಪೂರ್ವಿಕರು ಈ ಏರ್ಪಾಟನ್ನು ಕಂಡಿದ್ದರೆ ನಸುನಗುತ್ತಿದ್ದರೇನೋ. ಗೀತೆಯ ಹದಿನೇಳನೆಯ ಅಧ್ಯಾಯವು ಕೇಳುವವರ ಮನಸ್ಸನ್ನು ಕದಡದ ನುಡಿಯನ್ನು ತಪಸ್ಸೆಂದೇ ಎಣಿಸಿರುವುದು, ಆಡಿದ್ದನ್ನು ಮರಳಿ ಪಡೆಯುವ ವಿಧಿ ಯಾವುದೂ ಇಲ್ಲವೆಂಬ ಅರಿವಿನಿಂದಲೇ ಇರಬೇಕು.

ಬಿರುನುಡಿಯಿಂದ ನೋಯುವವನು ಎದುರಾಳಿಯೆಂದು ನಾವು ಭಾವಿಸುತ್ತೇವೆ. ಅವನಿಗೇನೂ ಆಗುವುದಿಲ್ಲ, ಸಂಜೆಯೊಳಗೆ ಅಂಥದೇ ಒಂದನ್ನು ಹಿಂದಿರುಗಿಸಿ ನೆಮ್ಮದಿಯಾಗಿರುತ್ತಾನೆ. ಬದಲಾಗುವವನು ಇಬ್ಬರ ನಡುವೆ ಕುಳಿತು ಕೇಳುವ ಮೂರನೆಯವನು. ಒಮ್ಮೆ ನಮ್ಮ ಕಡೆಯ ಸಂತೆಮಾಳದಲ್ಲಿ ಚುನಾವಣೆಯ ಭಾಷಣ ನಡೆದಿತ್ತು. ಅಭ್ಯರ್ಥಿಯು ಪ್ರತಿಸ್ಪರ್ಧಿಯ ಉಗ್ಗನ್ನು ಅಣಕಿಸಿದಾಗ, ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ ವೃದ್ಧನೊಬ್ಬನು ಕಣ್ಣಲ್ಲಿ ನೀರು ಬರುವಂತೆ ನಕ್ಕನು. ನಕ್ಕು, ಹೆಗಲ ಟವಲಿನಿಂದ ಮುಖವೊರೆಸಿಕೊಂಡು, ಅದನ್ನು ಎರಡು ಸಲ ಕೊಡವಿ, "ಇವ್ರೆಲ್ಲಾ ಇಷ್ಟೇ ಕಣ್ಲಾ ಮಗಾ, ಏಳು" ಎಂದು ಮೊಮ್ಮಗನ ಕೈಹಿಡಿದು ಎದ್ದನು. ಆ ನಗು ಭಾಷಣಕಾರನಿಗೆ ಕೇಳಿಸಿತು, ಈ ಮಾತು ಕೇಳಿಸಲಿಲ್ಲ. "ಇವನು ಇಷ್ಟೇ" ಎಂದು ಮುದುಕನು ಹೇಳಿದ್ದರೆ ಒಬ್ಬ ಅಭ್ಯರ್ಥಿಯ ಸೋಲಿನೊಂದಿಗೆ ಪ್ರಕರಣ ಮುಗಿಯುತ್ತಿತ್ತು. "ಇವರೆಲ್ಲಾ" ಎಂದುದರಲ್ಲಿ ಅಣಕಕ್ಕೆ ಗುರಿಯಾದವನೂ, ಇನ್ನೂ ಭಾಷಣಕ್ಕೇ ನಿಲ್ಲದ ಮತ್ತೊಬ್ಬ ಸಜ್ಜನನೂ, ರಾಜಕಾರಣವೆಂಬ ವ್ಯವಹಾರವೇ ಸಮಸ್ತವಾಗಿಯೂ ಸೇರಿಹೋದವು. ಮೂಡಲಪಾಯದ ಕೋಡಂಗಿಗೆ ನಾವು ಮನಸಾರೆ ನಗುತ್ತೇವೆ, ಮನೆಯ ಬೀಗದ ಕೈಯನ್ನು ಅವನಿಗೆ ಒಪ್ಪಿಸುವುದಿಲ್ಲ. (ಒಪ್ಪಿಸಿದ ಸಂದರ್ಭಗಳೂ ಉಂಟು, ಅದು ಬೇರೆ ಮಾತು.)

ಹಾಗೆಂದು ಮೆದುಮಾತನ್ನೆಲ್ಲ ಗೌರವವೆಂದು ತಿಳಿಯಲಾಗದು. ಬೆಣ್ಣೆ ಹಚ್ಚುವ ನಾಲಗೆಯನ್ನು ಹಳ್ಳಿಯವನು ಬೇಗ ಗುರುತಿಸುತ್ತಾನೆ. ತನ್ನನ್ನು ತಾನೇ ಸೋತವನಿಗೆ ಬಳಿಕ ಹೆಂಡತಿಯನ್ನು ಒಡ್ಡುವ ಅಧಿಕಾರವೆಲ್ಲಿತ್ತೆಂದು ದ್ರೌಪದಿ ಕೇಳಿದುದಕ್ಕಿಂತ ಕಠಿನವಾದ ಪ್ರಶ್ನೆಯನ್ನು ಆ ದ್ಯೂತಸಭೆ ಕೇಳಿರಲಾರದು. ಆದರೂ ಧರ್ಮವನ್ನು ಬಲ್ಲವರು ಇಲ್ಲಿದ್ದಾರೆ, ಉತ್ತರ ಕೊಟ್ಟಾರು ಎಂಬ ವಿಶ್ವಾಸ ಅದರೊಳಗಿತ್ತು. ಅದೇ ಸಭೆಯಲ್ಲಿ ಕರ್ಣನು ಆಕೆಯನ್ನು ಕುರಿತು ಆಡಿದ ಹೀನನುಡಿಗೆ ಯಾರ ಉತ್ತರವೂ ಬೇಕಾಗಿರಲಿಲ್ಲ. ನೆಹರೂರವರ ಚೀನಾ ನೀತಿಯನ್ನು ತೀಕ್ಷ್ಣವಾಗಿ ಖಂಡಿಸಿದ್ದ ವಾಜಪೇಯಿಯವರು 1964ರ ಮೇ ತಿಂಗಳಲ್ಲಿ ರಾಜ್ಯಸಭೆಯಲ್ಲಿ ಅವರಿಗೆ ಸಲ್ಲಿಸಿದ ಶ್ರದ್ಧಾಂಜಲಿಯನ್ನು ಓದಿದವರಿಗೆ, ಹಿಂದಿನ ಖಂಡನೆಯೂ ದ್ವೇಷದ್ದಾಗಿರಲಿಲ್ಲವೆಂಬುದು ತಾನಾಗಿ ಹೊಳೆಯುತ್ತದೆ.

ಸಂತೆಮಾಳದಿಂದ ಆ ದಿನ ನಾನೂ ಅಜ್ಜನ ಹಿಂದೆಯೇ ಹೊರಟೆನು. ಮುದುಕನು ಮಳೆ ಬೆಳೆಯ ಮಾತಿಗೆ ತಿರುಗಿದ್ದನು. ಹುಡುಗನು ಮಾತ್ರ ಕೆರೆಯ ಏರಿಯುದ್ದಕ್ಕೂ ಆ ಉಗ್ಗನ್ನು ಮತ್ತೆ ಮತ್ತೆ ಅಭ್ಯಾಸಮಾಡುತ್ತ ನಡೆದನು.