ದಾಟಿದವನ ತೆಪ್ಪ, ದಾಟಿಸುವವನ ಹುಟ್ಟು

ಬುದ್ಧ ಹೇಳಿದ ತೆಪ್ಪದ ದೃಷ್ಟಾಂತ ಮಜ್ಝಿಮ ನಿಕಾಯದ ಅಲಗದ್ದೂಪಮ ಸುತ್ತದಲ್ಲಿದೆ. ಈ ದಡದಲ್ಲಿ ಭಯ, ಆ ದಡದಲ್ಲಿ ನೆಮ್ಮದಿ. ನಡುವೆ ದೋಣಿಯಿಲ್ಲ, ಸೇತುವೆಯಿಲ್ಲ. ಒಬ್ಬ ಹುಲ್ಲು, ಕಟ್ಟಿಗೆ, ಸೊಪ್ಪು ಕೂಡಿಸಿ ತೆಪ್ಪ ಕಟ್ಟಿ, ಕೈಕಾಲು ಬಡಿದು ದಾಟುತ್ತಾನೆ. ಆಮೇಲೆ ಅದನ್ನು ತಲೆಯ ಮೇಲೆ ಹೊತ್ತು ನಡೆಯಬೇಕೇ? ಬೇಡ, ಬಿಟ್ಟು ಮುಂದೆ ಹೋಗಲಿ ಎನ್ನುತ್ತಾನೆ ಬುದ್ಧ. ಧರ್ಮವೂ ದಾಟಲಿಕ್ಕೇ ಹೊರತು ಹಿಡಿದುಕೊಂಡು ಕೂರಲಿಕ್ಕಲ್ಲ.

ಕಲಬುರಗಿ ಜಿಲ್ಲೆಯ ಚಂದಾಪುರದವರಿಗೆ ಇದು ದೂರದ ಮಾತಲ್ಲ. ಚಿಂಚೋಳಿಗೂ ಚಂದಾಪುರಕ್ಕೂ ನಡುವೆ ಹರಿಯುವ ಮುಲ್ಲಾಮಾರಿಯ ನೀರು ಕಾಗಿಣಾ ಸೇರಿ, ಭೀಮೆಗಿಳಿದು, ಸನ್ನತಿಯ ಪಕ್ಕದಲ್ಲಿ ಹಾಯುತ್ತದೆ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ತಿಳಿಯಿತು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಕೆತ್ತಿದ ಅಶೋಕನ ಶಿಲ್ಪವೇ ಸಿಕ್ಕಿತು.

ಆದರೆ ದೃಷ್ಟಾಂತದಲ್ಲಿ ಅಂಬಿಗನಿಲ್ಲ. ದಾಟುವವನು ಒಬ್ಬನೇ, ಒಂದೇ ಸಲ. ಮತ್ತೆ ಮತ್ತೆ ಈ ದಡಕ್ಕೆ ಮರಳಬೇಕಾದವನು ತನ್ನ ದೋಣಿಯನ್ನು ಹೇಗೆ ಕಾಣಬೇಕು?

ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ ತುಂಗಭದ್ರೆಯ ದಡದವನು. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರಕ್ಕೆ ಅವನದೇ ಹೆಸರು. ಉಳಿದ ಹಲವು ಶರಣರು ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟರೆ, ಇವನ ವಚನಗಳು ಇವನದೇ ಹೆಸರಿನಿಂದ, ಇವನ ಕಸುಬಿನಿಂದ ಮುಗಿಯುತ್ತವೆ. ಕಾಯಕವೇ ಪೂಜೆಯಾದರೆ ಹುಟ್ಟು ಪೂಜೆಯ ಸಾಧನ. ತುಂಗಭದ್ರೆಯ ಅಂಬಿಗರು ಹರಿಗೋಲನ್ನು ಕವುಚಿ ಬೆನ್ನಿಗೇರಿಸಿ ದಡದ ಮೇಲೆ ನಡೆಯುತ್ತಾರೆ. ಬುದ್ಧ ಬೇಡವೆಂದ ಅದೇ ಹೊರೆ! ಅದು ಮೋಹವಲ್ಲ. ಮುಂದಿನ ಸರದಿಯವರು ಕಾಯುತ್ತಿದ್ದಾರೆ.

ಇತರರನ್ನು ದಡ ಮುಟ್ಟಿಸುವ ಇದೇ ಚಿಂತೆ ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಲಿಯಾನ್ ಬರ್ಥನ್‌ನನ್ನು ಹಿಡಿದಿತ್ತು. ಹಡಗು ಮುಳುಗಿದಾಗ ಜನ ಸಾಯದಿರಲೆಂದು 1850ರ ಸುಮಾರಿಗೆ ಅವನು ಮಡಚಿಡಬಹುದಾದ ದೋಣಿ ರೂಪಿಸಿದ. ನೌಕಾಡಳಿತ ಮೊದಲು ಒಪ್ಪಲಿಲ್ಲ. 1873ರಲ್ಲಿ, ರಾಮ್ಸಿಯ ಚರ್ಚಿನಲ್ಲಿ ಪಾದ್ರಿಯಾಗಿದ್ದುಕೊಂಡೇ, ಮತ್ತೆ ಕೈಹಾಕಿ ಗೆದ್ದ. ಉಪದೇಶ ಮಾಡುವ ಬಾಯಿಗೂ ಕ್ಯಾನ್ವಾಸು ಬಿಗಿಯುವ ಕೈಗೂ ಅವನಲ್ಲಿ ವಿರೋಧವಿರಲಿಲ್ಲ.

ಮಡಚುವ ದೋಣಿಯ ಕಷ್ಟ ಅದರ ಗುಣದಲ್ಲೇ ಇದೆ. ಮೈ ಹಗುರ, ಹಾಗಾಗಿ ಎಳೆತ ನಿಂತ ಕೂಡಲೇ ಓಟವೂ ನಿಲ್ಲುತ್ತದೆ. ಅಂಚು ತೆಳು, ಹುಟ್ಟನ್ನು ಹಿಡಿದಿಡುವ ಕವೆ ಅದರೊಂದಿಗೇ ಬಾಗಿ ರಟ್ಟೆಯ ಬಲ ವ್ಯರ್ಥವಾಗುತ್ತದೆ. ಜೊತೆಗೆ ಬರುವ ಹುಟ್ಟು, ಚೀಲದಲ್ಲಿ ಹಿಡಿಸಬೇಕೆಂದು, ಬಹಳ ಸಲ ಗಿಡ್ಡ. ಪರಿಹಾರ ದುಬಾರಿಯಲ್ಲ. ಕವೆಯ ಕೆಳಗೆ ಅಗಲವಾದ ಮರದ ತುಂಡು ಕೂಡಿಸಿದರೆ ಭಾರ ಹರಡುತ್ತದೆ. ಜೋಡಿಸಬಹುದಾದ ಉದ್ದದ ಹುಟ್ಟಿನಲ್ಲಿ ಮೂರನೇ ಒಂದು ಪಾಲಿನಷ್ಟು ಒಳಗೆ, ಉಳಿದದ್ದು ಹೊರಗೆ ಇರಬೇಕು. ಕವೆಗೆ ತಾಗುವಲ್ಲಿ ಚರ್ಮ ಸುತ್ತಿ, ಜಾರದಂತೆ ಒಂದು ಬಳೆ ತೊಡಿಸಬೇಕು. ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಪಾದ ಒತ್ತಲು ಒಂದು ಅಡ್ಡಪಟ್ಟಿ. ಅದಿಲ್ಲದೆ ಎಳೆದರೆ ಮನುಷ್ಯನೇ ಹಲಗೆಯ ಮೇಲೆ ಜಾರುತ್ತಾನೆ. ಇದ್ದರೆ ಕಾಲು, ಬೆನ್ನು ಎರಡರ ಬಲವೂ ನೀರಿಗೆ ಮುಟ್ಟುತ್ತದೆ.

ಇಷ್ಟು ಸಣ್ಣದು ಅಧ್ಯಾತ್ಮದ ವಿಷಯವೇ ಎಂದು ಕೇಳುವವರು 2020ರ ಅಕ್ಟೋಬರನ್ನು ನೆನೆಯಲಿ. ಭೀಮೆ ಉಕ್ಕಿ ಕಲಬುರಗಿ ಜಿಲ್ಲೆಯ ಹಳ್ಳಿಗಳು ನೀರಿನಲ್ಲಿ ನಿಂತಾಗ ಜನರನ್ನು ದೋಣಿಯಲ್ಲೇ ಹೊರತಂದರು. ಒಂದು ಮನೆಯವರನ್ನು ಇಳಿಸಿದ ದೋಣಿ ಇನ್ನೊಂದು ಮನೆಗೆ ತಿರುಗಬೇಕಿತ್ತು. ತೆಪ್ಪ ಬಿಡು ಎಂಬ ಬುದ್ಧನ ಮಾತು ದಡ ಮುಟ್ಟಿದ ಕುಟುಂಬಕ್ಕೆ ಸಲ್ಲುತ್ತದೆ. ಹುಟ್ಟು ಹಿಡಿದವನಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಅಲುಗದ ಕವೆ, ಜಾರದ ಕಾಲು, ಮತ್ತೆ ಪ್ರವಾಹಕ್ಕೆ ಎದುರಾಗಿ ಹೋಗುವಷ್ಟು ಉಳಿದ ತ್ರಾಣ.