*ದಿನದ ಚಿಂತನೆ: ಸ್ವಂತ ಬಾವಿ, ಎಲ್ಲರ ಬಾವಿ*



ನರಿಮೊಗರಿನ ನಮ್ಮ ಅಧ್ಯಯನ ಕೂಟದ ಕರಪತ್ರಗಳನ್ನು ನಾನು ಹಳೆಯ ಲಿನಕ್ಸ್ ಕಂಪ್ಯೂಟರ್ ಒಂದರಲ್ಲಿ ತಯಾರಿಸುತ್ತೇನೆ. ಅದಕ್ಕೆ ಬೇಕಾದ ಸಾಫ್ಟ್‌ವೇರ್‌ಗಳನ್ನೆಲ್ಲ ‘ಆಪ್‌ಇಮೇಜ್’ ರೂಪದಲ್ಲೇ ಹಾಕಿಕೊಂಡಿದ್ದೆ. ಚಿತ್ರ ತೆರೆಯುವುದು, ಅಕ್ಷರ ಜೋಡಿಸುವುದು ಮುಂತಾದ ಕೆಲಸಗಳಿಗೆ ‘ಲೈಬ್ರರಿ’ ಎಂಬ ಸಣ್ಣ ಸಣ್ಣ ಭಾಗಗಳಿರುತ್ತವೆ. ಆಪ್‌ಇಮೇಜ್ ಅವನ್ನು ತನ್ನ ಕಡತದೊಳಗೇ ಹೊತ್ತು ತರುತ್ತದೆ. ಡೆಬಿಯನ್, ಉಬುಂಟುಗಳ ‘ಡೆಬ್’ ಪ್ಯಾಕೇಜಿನ ಕ್ರಮ ಬೇರೆ. ಅಲ್ಲಿ ಲೈಬ್ರರಿಯ ಪ್ರತಿ ಒಂದೇ, ಬಳಸುವವರು ಹಲವರು.

ನನಗೆ ಮೊದಲನೆಯದೇ ಇಷ್ಟವಾಗಲು ಕಾರಣ ಕಂಪ್ಯೂಟರ್ ಅಲ್ಲ, ಬಾವಿ. ನನ್ನ ಅಜ್ಜಿ ಕೊಡಪಾನ ಹಿಡಿದು ಇನ್ನೊಬ್ಬರ ಬಾವಿಯಿಂದ ದೂರ ನಿಂತು, ಯಾರಾದರೂ ಸೇದಿ ಹೊಯ್ಯುವವರೆಗೆ ಕಾಯುತ್ತಿದ್ದರು. ಅಪ್ಪ ಸ್ವಂತ ಬಾವಿ ತೋಡಿದ ದಿನ ನಮ್ಮ ಮನೆಗೆ ಸ್ವಾತಂತ್ರ್ಯ ಬಂತು. ಯಾರ ಹಂಗೂ ಬೇಡ ಎಂಬುದನ್ನು ನಾನು ಅಲ್ಲಿ ಕಲಿತೆ.

2023ರ ಸೆಪ್ಟೆಂಬರಿನಲ್ಲಿ ‘ಲಿಬ್‌ವೆಬ್‌ಪಿ’ ಎಂಬ ಚಿತ್ರದ ಲೈಬ್ರರಿಯಲ್ಲಿ ದೊಡ್ಡ ದೋಷ ಬಯಲಾಯಿತು. ದುರುದ್ದೇಶದಿಂದ ಮಾಡಿದ ಒಂದು ಚಿತ್ರ ತೆರೆದರೂ ಕಂಪ್ಯೂಟರ್ ಪರರ ಕೈಗೆ ಹೋಗಬಹುದಿತ್ತು. ಹಂಚಿಕೊಂಡ ಪ್ರತಿಯನ್ನು ಸರಿಪಡಿಸಿದಾಗ ಅದನ್ನು ಬಳಸುವವೆಲ್ಲ ಸರಿಯಾದವು. ಸ್ವಂತ ಪ್ರತಿ ಹೊತ್ತವನ್ನು ಒಂದೊಂದಾಗಿ ಬದಲಿಸಬೇಕಾಯಿತು. “ಅಣ್ಣ, ನಿಮ್ಮ ಕಡತಗಳ ಒಳಗೆ ಏನಿದೆ ಅಂತ ಗೊತ್ತುಂಟಾ?” ಎಂದು ಕೂಟದ ತಂಗಿಯೊಬ್ಬಳು ಕೇಳಿದಳು. ಗೊತ್ತಿರಲಿಲ್ಲ. ಹಂಗು ಹೋಗಿರಲಿಲ್ಲ, ಕಣ್ಣಿಗೆ ಕಾಣದಂತಾಗಿತ್ತು ಅಷ್ಟೆ. ಕೂಟದಲ್ಲಿ ಪ್ರತೀತ್ಯ ಸಮುತ್ಪಾದವನ್ನು ವಿವರಿಸುವವನು ನಾನೇ!

ಹಾಗಾದರೆ ಹಂಚಿಕೊಂಡರೆ ಸಾಕೇ? 2024ರ ಮಾರ್ಚಿನಲ್ಲಿ ಇನ್ನೊಂದು ಪಾಠ ಸಿಕ್ಕಿತು. ‘ಎಕ್ಸ್‌ಝಡ್’ ಎಂಬ ಲೈಬ್ರರಿಯನ್ನು ಲೆಕ್ಕವಿಲ್ಲದಷ್ಟು ಕಂಪ್ಯೂಟರ್‌ಗಳು ಬಳಸುತ್ತವೆ. ಅದನ್ನು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಂಡಿದ್ದರು. ನೆರವಿಗೆಂದು ಬಂದವರು ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, ಅದರೊಳಗೆ ಕಳ್ಳ ಬಾಗಿಲು ಇಟ್ಟರು. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿರುವುದೇಕೆ ಎಂದು ಹುಡುಕುತ್ತಾ ಹೋದ ಆಂಡ್ರೆಸ್ ಫ್ರಾಯ್ಂಡ್ ಅದನ್ನು ಪತ್ತೆಹಚ್ಚಿದರು. ಎಲ್ಲರೂ ನೀರು ಕುಡಿದೆವು, ಕೆಸರು ತೆಗೆಯಲು ಯಾರೂ ಹೋಗಿರಲಿಲ್ಲ.

‘ಫ್ಲಾಟ್‌ಪ್ಯಾಕ್’ ಎಂಬ ನಡುವಿನ ದಾರಿಯೂ ಇದೆ. ಮೂಲ ಲೈಬ್ರರಿಗಳ ಗುಂಪು ಹಲವು ಸಾಫ್ಟ್‌ವೇರ್‌ಗಳಿಗೆ ಒಂದೇ, ಉಳಿದದ್ದು ಅವವುಗಳದ್ದು. ಆದರೆ ಅಲ್ಲಿಯೂ ನೋಡಿಕೊಳ್ಳುವವರು ಬೇಕು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಕುಡಿದರು. ನಮಗೆ ಬೇರೆ ಕೆರೆ ತೋಡಿಕೊಡಿ ಎಂದು ಅವರು ಕೇಳಲಿಲ್ಲ. ಎಲ್ಲರ ಕೆರೆಯಲ್ಲಿ ಸಮಾನ ಹಕ್ಕು ಕೇಳಿದರು. ಅಪ್ಪನ ಬಾವಿ ತಪ್ಪಲ್ಲ, ಅವಮಾನಕ್ಕೆ ಅದು ಉತ್ತರವಾಗಿತ್ತು. ಆದರೆ ಅದು ದಾರಿಯ ಕೊನೆಯಲ್ಲ. ಸಮಾನ ಹಕ್ಕಿಲ್ಲದೆ ಹಂಚಿಕೊಂಡರೆ ಅದು ಹಂಗು. ಹಕ್ಕು ಸಿಕ್ಕ ಮೇಲೂ ಹೊಣೆ ಹೊರದಿದ್ದರೆ, ಆ ಭಾರ ಯಾರೋ ಒಬ್ಬರ ಬೆನ್ನ ಮೇಲೆ ಬೀಳುತ್ತದೆ.

ನಮ್ಮ ಕೂಟದ ಕೋಣೆಯ ಬೀಗ ತೆಗೆಯುವುದು, ಗುಡಿಸುವುದು, ಕರೆಂಟ್ ಬಿಲ್ ಕಟ್ಟುವುದು ವರ್ಷಗಳಿಂದ ಒಬ್ಬರೇ. ಈ ಭಾನುವಾರ ಹಿಡಿಸೂಡಿ ನಾನು ಹಿಡಿಯುತ್ತೇನೆ.

*ಇಂದಿನ ಪ್ರಶ್ನೆ:* ನಾವು ದಿನವೂ ನೀರು ಸೇದುವ ಯಾವ ಬಾವಿಯ ಕೆಸರನ್ನು ಇನ್ನೊಬ್ಬರೇ ತೆಗೆಯುತ್ತಿದ್ದಾರೆ?

ಜೈ ಭೀಮ್ 💙