ಚೆಲುವಿನ ನೆಲೆ



ಚೆಲುವನ್ನು ಬಯಸದ ಮನುಷ್ಯನಿಲ್ಲ. ತೊಟ್ಟಿಲ ಕೂಸು ದೀಪದ ಕುಡಿಗೆ ಕೈ ಚಾಚುತ್ತದೆ. ಬಡತಾಯಿಯೂ ಮಣ್ಣಿನ ಗೋಡೆಗೆ ಸುಣ್ಣ ಬಳಿದು ಕೆಮ್ಮಣ್ಣಿನ ಅಂಚು ತೀಡುತ್ತಾಳೆ. ಈ ಬಯಕೆ ಪಾಪವಲ್ಲ. ಪರಮಾತ್ಮನು ಕರುಣಿಸಿದ ಕಣ್ಣನ್ನು ಹಳಿಯುವುದು ಧರ್ಮವೂ ಅಲ್ಲ. ಆದರೆ ಚೆಲುವಿನ ನೆಲೆ ಯಾವುದು? ವಸ್ತುವಿನ ಬೆಲೆಯೋ, ಚರ್ಮದ ಬಣ್ಣವೋ, ಬಾಳುವ ರೀತಿಯೋ? ಈ ಪ್ರಶ್ನೆಗೆ ತಪ್ಪು ಉತ್ತರವನ್ನು ಕಂಡುಕೊಂಡ ಮನೆಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಕಣ್ಣೀರು ಬಿದ್ದಿದೆ. ಆದುದರಿಂದ ಇದು ಪಂಡಿತರ ಚರ್ಚೆಗೆ ಮಾತ್ರ ಬಿಡತಕ್ಕ ವಿಷಯವಲ್ಲ. ಸಂಸಾರಿಗಳು ತಮ್ಮ ಮನೆಯ ಜಗುಲಿಯ ಮೇಲೆ ಕುಳಿತು ವಿಚಾರಿಸಬೇಕಾದ ವಿಷಯ. ನಮ್ಮ ಧರ್ಮವನ್ನೇ ಅರಿಯದ ದೂರದೇಶಗಳ ಜನರು ಈ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡರೆಂಬುದನ್ನು ಮೊದಲು ನೋಡೋಣ. ಬಳಿಕ ನಮ್ಮ ಅಂಗೈಯನ್ನು ನೋಡಿಕೊಳ್ಳೋಣ.

ಜಪಾನ್ ದೇಶದಲ್ಲಿ ಚಹವನ್ನು ಸಿದ್ಧಪಡಿಸಿ ಅತಿಥಿಗೆ ಕೊಡುವ ಕ್ರಿಯೆಯನ್ನೇ ಒಂದು ಸಾಧನೆಯಾಗಿ ಬೆಳೆಸಿದ್ದಾರೆ. ಅದಕ್ಕೆ ನೆಲೆಯಾದ ರೂಪವನ್ನು ಕೊಟ್ಟ ಮಹನೀಯನು ಸೆನ್ ನೋ ರಿಕ್ಯೂ (1522-1591). ಅವನದೆಂದು ಪ್ರಸಿದ್ಧವಾದ ‘ತಾಯ್-ಆನ್’ ಎಂಬ ಚಹದ ಕೋಣೆ ಕ್ಯೋಟೋ ನಗರದ ಸಮೀಪದ ಒಂದು ಬೌದ್ಧ ವಿಹಾರದಲ್ಲಿ ಇಂದಿಗೂ ಇದೆ. ಅದರ ವಿಸ್ತಾರ ಎರಡು ಚಾಪೆಗಳಷ್ಟು. ಒಳಹೋಗುವ ಬಾಗಿಲಿನ ಎತ್ತರ ಎರಡು ಅಡಿಗಿಂತ ತುಸು ಹೆಚ್ಚು. ಸೊಂಟದಲ್ಲಿ ಕತ್ತಿ ಸಿಕ್ಕಿಸಿದವನು ಅದನ್ನು ಹೊರಗೇ ಬಿಡಬೇಕು. ದೊರೆಯಾದರೂ ವರ್ತಕನಾದರೂ ಮೊಣಕಾಲೂರಿ ತೆವಳಿಯೇ ಒಳಗೆ ಬರಬೇಕು. ಒಳಗಿರುವುದು ಮಣ್ಣಿನ ಗೋಡೆ, ಒಲೆಯ ಮೇಲೊಂದು ಕಬ್ಬಿಣದ ಕೆಟಲು, ಅಷ್ಟೆ. ಚೋಜಿರೋ ಎಂಬ ಕುಶಲಿಯು ಚಕ್ರವನ್ನು ಬಳಸದೆ ಕೈಯಿಂದಲೇ ತಿದ್ದಿದ ಕಪ್ಪು ಬೋಗುಣಿಗಳು ರಿಕ್ಯೂವಿಗೆ ಪ್ರಿಯವಾಗಿದ್ದವು. ಆತಿಥೇಯನು ಅತಿಥಿಯ ಕಣ್ಣೆದುರಿಗೇ ಪಾತ್ರೆಗಳನ್ನು ಒಂದೊಂದಾಗಿ ಒರೆಸುತ್ತಾನೆ; ಅತಿಥಿಯು ಬೋಗುಣಿಯನ್ನು ಎರಡು ಕೈಗಳಿಂದ ಎತ್ತಿ, ವಂದಿಸಿ, ಕುಡಿಯುತ್ತಾನೆ. ಇಲ್ಲಿ ಚೆಲುವು ಕೈಯ ನಡವಳಿಕೆಯಲ್ಲಿದೆ. ಪಾತ್ರೆ ಅದಕ್ಕೊಂದು ನಿಮಿತ್ತ ಮಾತ್ರ.

ರಿಕ್ಯೂವಿನ ಒಡೆಯನಾಗಿದ್ದ ಹಿಡೆಯೋಶಿಯು ಆ ದೇಶವನ್ನೇ ಆಳಿದವನು. ಅವನು ಗೋಡೆಗಳಿಗೆ ಚಿನ್ನದ ತಗಡು ಹೊದಿಸಿದ ಚಹದ ಕೋಣೆಯೊಂದನ್ನು ಮಾಡಿಸಿಕೊಂಡನು. ಅವನೇ 1587ರಲ್ಲಿ ಕಿತಾನೋ ಎಂಬಲ್ಲಿ ಮಹಾಕೂಟವನ್ನೇರ್ಪಡಿಸಿ, ಬಡವರೂ ಒಂದು ಕೆಟಲು, ಒಂದು ಬೋಗುಣಿಯೊಡನೆ ಬರಬಹುದೆಂದೂ ಚಹವಿಲ್ಲದವರು ಹುರಿದ ಧಾನ್ಯದ ಹಿಟ್ಟನ್ನಾದರೂ ತರಬಹುದೆಂದೂ ಸಾರಿಸಿದನು. ಒಬ್ಬನೇ ಮನುಷ್ಯನಲ್ಲಿ ಆಡಂಬರವೂ ಸರಳತೆಯ ಹಂಬಲವೂ ಕೂಡಿದ್ದವು! ಕಡೆಗೆ 1591ರಲ್ಲಿ ಆ ಒಡೆಯನ ಆಜ್ಞೆಯಂತೆ ಎಪ್ಪತ್ತರ ಹತ್ತಿರದ ರಿಕ್ಯೂ ತನ್ನ ಪ್ರಾಣವನ್ನೇ ಒಪ್ಪಿಸಬೇಕಾಯಿತು. ಅದರ ಕಾರಣವನ್ನು ಚರಿತ್ರಕಾರರು ಬಗೆಬಗೆಯಾಗಿ ಹೇಳುವರು. ಚಿನ್ನದ ಕೋಣೆಯು ಕಾಲಗರ್ಭದಲ್ಲಿ ಅಡಗಿತು. ಎರಡು ಚಾಪೆಗಳ ಮಣ್ಣಿನ ಕೋಣೆಯು ಉಳಿಯಿತು.

ಇನ್ನು ದೇಹದ ಮಾತು. ಆಫ್ರಿಕಾ ಖಂಡದ ನೈಜೀರಿಯಾ ಮತ್ತು ಬೆನಿನ್ ದೇಶಗಳಲ್ಲಿ ಯೊರುಬಾ ಎಂಬ ಜನಾಂಗವಿದೆ. ಅವರು ಚೆಲುವಿಗೆ ‘ಎವಾ’ ಎಂದೂ ಶೀಲಕ್ಕೆ ‘ಇವಾ’ ಎಂದೂ ಹೇಳುತ್ತಾರೆ. ಶೀಲವೇ ಚೆಲುವೆಂಬುದು ಅವರಲ್ಲಿ ಮನೆಮಾತು. ಹೊರಗಿನ ಚೆಲುವು ಬೇರೆ, ಒಳಗಿನ ಚೆಲುವು ಬೇರೆ ಎಂದು ವಿಂಗಡಿಸಿ, ಒಳಗಿನದೇ ಮೇಲೆಂದು ಅವರು ಎಣಿಸುವರು. ಆ ಜನರಲ್ಲಿ ಅವಳಿ ಮಕ್ಕಳು ಹುಟ್ಟುವುದು ಲೋಕದ ಇತರ ಜನರಿಗಿಂತ ಬಹಳ ಹೆಚ್ಚು. ಅವಳಿಯಲ್ಲಿ ಒಂದು ಕೂಸು ತೀರಿಕೊಂಡರೆ, ಸಂಪ್ರದಾಯದಂತೆ ತಾಯಿಯು ಒಂದು ಚಿಕ್ಕ ಮರದ ಬೊಂಬೆಯನ್ನು ಕೆತ್ತಿಸುತ್ತಿದ್ದಳು. ಬದುಕಿರುವ ಕೂಸಿಗೆ ಮಾಡುವಂತೆಯೇ ಅದಕ್ಕೂ ಮೀಯಿಸಿ, ಉಣಿಸಿ, ಕೆಂಪು ಮರದ ಪುಡಿಯನ್ನು ಪೂಸಿ, ಉಡಿಸಿ ಮಲಗಿಸುತ್ತಿದ್ದಳು. ವರ್ಷಗಟ್ಟಲೆ ತಾಯಿಯ ಕೈ ತಗುಲಿ ತಗುಲಿ ಎಷ್ಟೋ ಬೊಂಬೆಗಳ ಕಣ್ಣು ಮೂಗುಗಳು ಸವೆದು ನುಣುಪಾಗಿಹೋಗಿವೆ. ಕೆತ್ತಿದವನ ಕುಶಲತೆ ಅಳಿಸಿಹೋದ ಆ ಮುಖವನ್ನು ಕಂಡವನು ಕುರೂಪವೆಂದು ಹೇಳಲಾರನು. ಅಲ್ಲಿ ಕಾಣುವುದು ಮಮತೆಯ ರೂಪ.

ಅಮೆರಿಕದ ನೈಋತ್ಯ ಭಾಗದಲ್ಲಿರುವ ನವಾಹೋ ಎಂಬ ಮೂಲನಿವಾಸಿಗಳಲ್ಲಿ ‘ಹೋಜೋ’ ಎಂಬ ಒಂದು ಶಬ್ದವಿದೆ. ಚೆಲುವು, ಆರೋಗ್ಯ, ಸಾಮರಸ್ಯ ಈ ಮೂರೂ ಆ ಒಂದೇ ಶಬ್ದದಲ್ಲಿ ಅಡಕವಾಗಿವೆ. ಒಬ್ಬನು ರೋಗಿಯಾದರೆ ಅವನ ಬಾಳಿನ ಹೊಂದಿಕೆ ಕೆಟ್ಟಿತೆಂದು ಅವರ ಭಾವನೆ. ಆಗ ಮಂತ್ರವಿದರು ಹಾಡುಗಳನ್ನು ಹಾಡುತ್ತ, ಬಣ್ಣಬಣ್ಣದ ಕಲ್ಲುಗಳ ಪುಡಿ, ಇದ್ದಲು, ಜೋಳದ ಹೂವಿನ ಪರಾಗ ಇವುಗಳಿಂದ ನೆಲದ ಮೇಲೆ ಪವಿತ್ರ ಚಿತ್ರವನ್ನು ಬರೆಯುವರು. ರೋಗಿಯನ್ನು ಆ ಚಿತ್ರದ ಮೇಲೆಯೇ ಕೂರಿಸುವರು. ಕಾರ್ಯ ಮುಗಿದೊಡನೆ, ಗಂಟೆಗಟ್ಟಲೆ ಶ್ರಮಿಸಿ ಬರೆದ ಚಿತ್ರವನ್ನು ಅಳಿಸಿಬಿಡುವರು. ಒಬ್ಬ ನೊಂದವನನ್ನು ಎತ್ತಿ ನಿಲ್ಲಿಸುವುದೇ ಆ ಚೆಲುವಿನ ಕೆಲಸ. ಕೆಲಸ ಮುಗಿದ ಮೇಲೆ ಅದನ್ನು ಕಾಪಿಟ್ಟುಕೊಳ್ಳುವ ಲೋಭವಿಲ್ಲ. ನಮ್ಮ ತಾಯಂದಿರು ಬೆಳಗಿನ ಜಾವ ಅಂಗಳ ಸಾರಿಸಿ ಇಡುವ ರಂಗೋಲಿಯೂ ಸಂಜೆಯೊಳಗೆ ಬಂದುಹೋಗುವವರ ಪಾದಧೂಳಿಯಲ್ಲಿ ಬೆರೆಯುವುದು. ಅದಕ್ಕಾಗಿ ಅತ್ತವರುಂಟೆ?

ಭಾಷೆ ಬೇರೆ, ದೇವರ ಹೆಸರು ಬೇರೆ, ಆದರೂ ಈ ಮೂವರ ಉತ್ತರ ಒಂದೇ ಕಡೆಗೆ ಸಾಗಿದೆ: ಚೆಲುವು ವಸ್ತುವಿನಲ್ಲಿ ಹುಟ್ಟಿ ನಿಂತ ಗುಣವಲ್ಲ, ಮನುಷ್ಯನು ಅದನ್ನು ಹಿಡಿಯುವ, ನಡೆಸಿಕೊಳ್ಳುವ, ಪರರಿಗಾಗಿ ಸವೆಸುವ ರೀತಿಯಲ್ಲಿ ಅದು ಮೂಡುತ್ತದೆ.

ಇನ್ನು ನಮ್ಮ ಅಂಗೈಯನ್ನು ನೋಡಿಕೊಳ್ಳೋಣ. 12ನೆಯ ಶತಮಾನದ ಕಲ್ಯಾಣದಲ್ಲಿ ಶರಣರು ದೇಹವನ್ನು ಹೊಲೆಯ ಮುದ್ದೆಯೆಂದು ತಿರಸ್ಕರಿಸಲಿಲ್ಲ, ಸಿಂಗಾರದ ಗೊಂಬೆಯೆಂದು ಮೆರೆಸಲೂ ಇಲ್ಲ. ಬಸವಣ್ಣನವರು ಮನುಷ್ಯ ಶರೀರವನ್ನೇ ಪೂಜಾಸ್ಥಾನವೆಂದು ಬಗೆದರು. ಇಷ್ಟಲಿಂಗವನ್ನು ಬಿಜಯಂಗೈಸುವುದು ಎಲ್ಲಿ? ಬೆಳ್ಳಿಯ ಮಂಟಪದಲ್ಲಿ ಅಲ್ಲ, ಭಕ್ತನ ಎಡ ಅಂಗೈಯಲ್ಲಿ. ಹುಲ್ಲನ್ನು ಹೊಸೆದು ಹಗ್ಗ ಮಾಡಿದ ನುಲಿಯ ಚಂದಯ್ಯನವರ ಅಂಗೈ, ಬಟ್ಟೆ ಒಗೆದ ಮಾಚಯ್ಯನವರ ಅಂಗೈ, ಹುಟ್ಟು ಹಾಕಿದ ಚೌಡಯ್ಯನವರ ಅಂಗೈ ಇವು ಮೃದುವಾಗಿದ್ದವೆಂದು ಯಾರೂ ಹೇಳಲಾರರು. ಜಡ್ಡುಗಟ್ಟಿದ ಆ ಕೈಗಳೇ ಲಿಂಗಕ್ಕೆ ಪೀಠವಾದವು. ಕಾಯಕದ ಕೈಗಿಂತ ಚೆಲುವಾದ ಆಸನವನ್ನು ಶರಣರು ಬಯಸಲಿಲ್ಲ.

ಅಂಗೈಯಲ್ಲಿ ಕುಳಿತ ಆ ಇಷ್ಟಲಿಂಗದ ಬಣ್ಣವನ್ನು ಎಂದಾದರೂ ನೆನೆದಿರುವಿರಾ? ಅದರ ಮೇಲಣ ಕಂತಿಯು ಕಪ್ಪು. ದಿನವೂ ಆ ಕಪ್ಪಿನಲ್ಲಿ ದೃಷ್ಟಿಯನ್ನು ನೆಟ್ಟು ಬೆಳಕನ್ನು ಕಾಣಲು ಹವಣಿಸುವ ನಾವು, ಪೂಜೆ ಮುಗಿಸಿ ಹೆಣ್ಣು ನೋಡಲು ಹೊರಟಾಗ ಏನು ಕೇಳುತ್ತೇವೆ? “ಹುಡುಗಿ ಕೆಂಪಗಿದ್ದಾಳೆಯೆ? ಬಣ್ಣ ತುಸು ಕಪ್ಪಾಯಿತಲ್ಲ!” ಈ ಮಾತನ್ನು ಒಳಕೋಣೆಯಲ್ಲಿ ನಿಂತು ಕೇಳಿಸಿಕೊಂಡ ಮಗಳ ಎದೆ ಏನಾಗಬೇಕು? ಲಿಂಗದ ಕಪ್ಪಿಗೆ ಕೈಮುಗಿದು ಲಿಂಗವಂತೆಯ ಕಪ್ಪಿಗೆ ಮುಖ ತಿರುಗಿಸುವುದು ಯಾವ ಆಚಾರ? ಚರ್ಮದ ಕಪ್ಪು ಕಳಂಕವಲ್ಲ. ಬಿಸಿಲಿನ ತೀಕ್ಷ್ಣ ಕಿರಣಗಳಿಂದ ಮೈಯನ್ನು ಕಾಯಲೆಂದು ನಿಸರ್ಗವು ಹೊದಿಸಿದ ವಸ್ತ್ರ. ಇದನ್ನರಿಯದೆ ಬಿಳುಪಿನ ಲೇಪಗಳಿಗೆ ಹಣ ತೆತ್ತವರೆಷ್ಟು ಮಂದಿ! 1975ರಲ್ಲಿ ಭಾರತದ ಪೇಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಎಂಬ ಲೇಪವು 2020ರಲ್ಲಿ ತನ್ನ ಹೆಸರಿನಿಂದ ಬಿಳುಪನ್ನು ಸೂಚಿಸುವ ಶಬ್ದವನ್ನು ತೆಗೆದುಹಾಕಿತು. ಡಬ್ಬಿಯ ಮೇಲಿನ ಹೆಸರು ಬದಲಾಯಿತು. ನಮ್ಮ ನಾಲಗೆಯ ಮೇಲಿನ ಮಾತು ಬದಲಾಯಿತೆ? ಎಲ್ಲೆಲ್ಲೋ ತಯಾರಾಗಿ ಕದ್ದುಮುಚ್ಚಿ ಮಾರಾಟವಾಗುವ ಕೆಲವು ಲೇಪಗಳಲ್ಲಿ ಪಾದರಸವನ್ನು ಬೆರೆಸಿರುತ್ತಾರೆ; ಅದು ಮೂತ್ರಪಿಂಡಗಳನ್ನೇ ಕೆಡಿಸುವಂಥದು. ಹಿರಿಯರ ಒಂದು ಅವಿಚಾರದ ಮಾತಿಗಾಗಿ ಮಕ್ಕಳು ವಿಷವನ್ನು ಮೈಗೆ ಹಚ್ಚಿಕೊಳ್ಳಬೇಕೆ?

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಸರಳತೆಯೂ ಆಡಂಬರವಾಗಬಲ್ಲದು. ಕೊರಿಯಾ ದೇಶದ ಹೆಸರಿಲ್ಲದ ಕುಂಬಾರನೊಬ್ಬನು ಮಾಡಿದ ‘ಕಿಜಾಯೆಮೊನ್’ ಎಂಬ ಬೋಗುಣಿ ಕ್ಯೋಟೋದ ವಿಹಾರವೊಂದರಲ್ಲಿದೆ. ಅದು ಬಡವರು ದಿನವೂ ಉಣ್ಣುತ್ತಿದ್ದ ಬೋಗುಣಿಯೇ ಸರಿ ಎಂದು ಯಾನಾಗಿ ಸೊಯೆಟ್ಸು (1889-1961) ಎಂಬ ಜಪಾನಿನ ವಿದ್ವಾಂಸರು ಬರೆದರು. ಇಂದು ಅದು ರಾಷ್ಟ್ರದ ನಿಧಿ. ಪೆಟ್ಟಿಗೆಯೊಳಗೆ ಪೆಟ್ಟಿಗೆಯಿಟ್ಟು ಅದನ್ನು ಕಾಯುತ್ತಾರೆ. ಉಣ್ಣುವ ಬೋಗುಣಿಗೆ ಅನ್ನದ ಸಂಬಂಧವೇ ತಪ್ಪಿತು. ನಮ್ಮಲ್ಲಿಯೂ ಕರಡಿಗೆಯ ಬೆಳ್ಳಿಯ ತೂಕದಿಂದ, ರುದ್ರಾಕ್ಷಿಗೆ ಕಟ್ಟಿದ ಚಿನ್ನದಿಂದ ಭಕ್ತಿಯನ್ನು ಅಳೆಯುವವರುಂಟು. ಗಂಡನು ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನವರನ್ನು ಅಂಥವರು ನೆನೆಯಲಿ. ಸಾಕು ಎಂಬ ಆ ಒಂದು ಮಾತಿಗಿಂತ ದೊಡ್ಡ ಆಭರಣವಿಲ್ಲ.

ಆದುದರಿಂದ ಭಕ್ತರೇ, ಮನೆಯನ್ನು ಗುಡಿಸಿ ಸಾರಿಸಿರಿ, ಮಡಿಯುಟ್ಟು ವಿಭೂತಿಯನ್ನು ಧರಿಸಿರಿ, ಅಂಗಳಕ್ಕೆ ರಂಗೋಲಿಯನ್ನಿಡಿರಿ. ಚೆಲುವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಮುಂದೆ ಸಂಬಂಧ ಬೆಳೆಸಲು ಹೋಗುವ ಮನೆಯಲ್ಲಿ ಹುಡುಗಿಯ ಬಣ್ಣವನ್ನು ಕೇಳಬೇಡಿರಿ, ಯಾರಾದರೂ ಕೇಳಿದರೆ ತಡೆಯಿರಿ. ದುಡಿದು ದುಡಿದು ಒರಟಾದ ನಿಮ್ಮ ತಾಯಿಯ ಕೈಯನ್ನು ಇಂದು ಸಂಜೆ ಒಮ್ಮೆ ಹಿಡಿದು ನೋಡಿರಿ. ನಿಮ್ಮನ್ನು ಸಲಹಿ ಸವೆದ ಆ ಕೈಯಲ್ಲಿ ಚೆಲುವು ಕಂಡಿತಾದರೆ ಚೆಲುವಿನ ನೆಲೆ ನಿಮಗೆ ಸಿಕ್ಕಿತೆಂದೇ ತಿಳಿಯಿರಿ.